ಊರು ಕಟ್ಟುವ ಆಟದಿಂದ ಪಾಠ: ಬ್ಯಾನಿಶ್ಡ್ ಅನ್ನು ತರಗತಿಯಲ್ಲಿ ಬಳಸುವ ಬಗೆ

ಬ್ಯಾನಿಶ್ಡ್ 2014ರ ಫೆಬ್ರವರಿಯಲ್ಲಿ ಬಂದ ಕಂಪ್ಯೂಟರ್ ಆಟ. ಶೈನಿಂಗ್ ರಾಕ್ ಸಾಫ್ಟ್‌ವೇರ್ ಹೆಸರಿನಲ್ಲಿ ಒಬ್ಬರೇ ಡೆವಲಪರ್ ಇದನ್ನು ಮಾಡಿದರು. ನೆಲೆ ಕಳೆದುಕೊಂಡ ನಾಲ್ಕಾರು ಕುಟುಂಬಗಳು ಕಾಡಿನ ನಡುವೆ ಹೊಸ ಊರು ಕಟ್ಟಿಕೊಳ್ಳಬೇಕು, ಚಳಿಗಾಲ ಬರುವ ಮೊದಲು ಸೂರು, ಸೌದೆ, ಆಹಾರ ಹೊಂದಿಸಿಕೊಳ್ಳಬೇಕು. ಯುದ್ಧವಿಲ್ಲ, ಶತ್ರುಗಳಿಲ್ಲ, ನಾಣ್ಯವೂ ಇಲ್ಲ. ಊರು ಹಾಳಾದರೆ ಅದು ಲೆಕ್ಕ ತಪ್ಪಿದ್ದರಿಂದಲೇ. ಎಂಟನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಜನಸಂಖ್ಯೆ, ಸಂಪನ್ಮೂಲ, ಅಂತರ, ಸಮಯ ಇವನ್ನೆಲ್ಲ ಒಟ್ಟಿಗೆ ತೋರಿಸಲು ಇಷ್ಟು ಒಳ್ಳೆಯ ಸಾಧನ ಸಿಗುವುದು ಕಷ್ಟ.

ಆದರೆ ಆಟವನ್ನು ಓಡಲು ಬಿಟ್ಟು ಮಕ್ಕಳನ್ನು ನೋಡುತ್ತ ಕೂರಿಸಿದರೆ ಪಾಠ ಆಗುವುದಿಲ್ಲ. ಪಾಠ ಆಗುವುದು ಆಟ ನಿಂತಾಗ. ಮೊದಲು ಊಹೆ ಬರೆಯಬೇಕು, ಆಮೇಲೆ ಒಂದು ಋತು ಓಡಿಸಬೇಕು, ನಿಲ್ಲಿಸಿ ಊಹೆ ಯಾಕೆ ತಪ್ಪಿತು ಎಂದು ಬರೆಯಬೇಕು. ಈ ಬರಹದಲ್ಲಿರುವುದೆಲ್ಲ ಈ ಕ್ರಮವನ್ನು ಕೈಬಿಡದೆ ನಡೆಸುವುದಕ್ಕೆ ಬೇಕಾದ ತಯಾರಿ.

ಮೊದಲ ತಯಾರಿ

ಒಂದು ಕಂಪ್ಯೂಟರ್, ಒಂದು ಪ್ರೊಜೆಕ್ಟರ್ ಸಾಕು. ಇಡೀ ತರಗತಿಗೆ ಒಂದೇ ಊರು ಇದ್ದರೆ ಎಲ್ಲರೂ ಒಂದೇ ಅಂಕಿಗಳ ಮೇಲೆ ವಾದ ಮಾಡುತ್ತಾರೆ. ಮಗುವಿಗೊಂದು ಯಂತ್ರ ಕೊಟ್ಟರೆ ನಲವತ್ತು ಊರುಗಳಾಗುತ್ತವೆ, ಚರ್ಚೆಗೆ ಸಾಮಾನ್ಯ ನೆಲವೇ ಉಳಿಯುವುದಿಲ್ಲ. ಲ್ಯಾಬ್‌ನಲ್ಲಿ ಹಲವು ಯಂತ್ರಗಳಿದ್ದರೂ ಮೊದಲ ಎರಡು ಪಾಠ ಪ್ರೊಜೆಕ್ಟರ್ ಮೇಲೆಯೇ ನಡೆಸಿ.

ಆಟ ವಿಂಡೋಸ್‌ನಲ್ಲಿ ನಡೆಯುತ್ತದೆ. ಡಿಸ್ಕ್‌ನಲ್ಲಿ ಕೆಲವು ನೂರು ಎಂಬಿ ಜಾಗ ಸಾಕು, ಹಳೆಯ ಯಂತ್ರದಲ್ಲೂ ಓಡುತ್ತದೆ. ಸ್ಟೀಮ್, ಜಿಒಜಿ ಎಂಬ ಆನ್‌ಲೈನ್ ಆಟದ ಅಂಗಡಿಗಳೆರಡರಲ್ಲೂ ಸಿಗುತ್ತದೆ. ಇಂಟರ್ನೆಟ್ ಕೈಕೊಡುವ ಶಾಲೆಗಳಿಗೆ ಜಿಒಜಿ ಪ್ರತಿ ಅನುಕೂಲ, ಒಮ್ಮೆ ಇನ್‌ಸ್ಟಾಲ್ ಆದ ಮೇಲೆ ಸಂಪರ್ಕವೇ ಬೇಡ. ಹಲವು ಯಂತ್ರಗಳಲ್ಲಿ ಹಾಕುವುದಾದರೆ ಅಷ್ಟು ಪ್ರತಿಗಳನ್ನು ಕೊಂಡೇ ಹಾಕಿ.

ಪರದೆಯ ಮೇಲಿನ ಅಕ್ಷರಗಳು ಹಿಂದಿನ ಬೆಂಚಿಗೆ ಕಾಣುವುದಿಲ್ಲ. ಇದು ಮೊದಲ ದಿನವೇ ಎದುರಾಗುವ ತೊಂದರೆ. ಆಟದ ರೆಸಲ್ಯೂಷನ್ ಇಳಿಸಿದರೆ ಅಕ್ಷರ ದೊಡ್ಡದಾಗಿ ಕಾಣುತ್ತದೆ, ಹಿಂದಿನ ದಿನವೇ ಕೊನೆಯ ಬೆಂಚಿನಲ್ಲಿ ಕೂತು ಓದಿ ನೋಡಿ. ಆಟದ ಪದಗಳೆಲ್ಲ ಇಂಗ್ಲಿಷಿನಲ್ಲಿವೆ. ಇಪ್ಪತ್ತು ಪದಗಳ ಒಂದು ಚಾರ್ಟ್ ಬರೆದು ಗೋಡೆಗೆ ಅಂಟಿಸಿ: ಲಾಗ್ಸ್ ಎಂದರೆ ದಿಮ್ಮಿ, ಫೈರ್‌ವುಡ್ ಎಂದರೆ ಸೌದೆ, ಲೇಬರರ್ ಎಂದರೆ ನಿಗದಿತ ಕೆಲಸವಿಲ್ಲದ ಕೂಲಿ ಆಳು, ಗ್ಯಾದರರ್ ಎಂದರೆ ಕಾಡಿನಲ್ಲಿ ಹಣ್ಣು-ಗೆಡ್ಡೆ ಆಯುವವರು, ಫಾರೆಸ್ಟರ್ ಎಂದರೆ ಮರ ನೆಟ್ಟು ಕಡಿಯುವವರು. ಚರ್ಚೆ ಕನ್ನಡದಲ್ಲೇ ನಡೆಯಲಿ.

ಹೊಸ ಆಟ ಶುರು ಮಾಡುವಾಗ ಆಯ್ಕೆಗಳು ಹೀಗಿರಲಿ:

1. ಆರಂಭದ ಸ್ಥಿತಿ: ಮೀಡಿಯಂ. ಈಜಿಯಲ್ಲಿ 6 ಕುಟುಂಬಗಳಿದ್ದು ಮನೆಗಳು ಮೊದಲೇ ಕಟ್ಟಿರುತ್ತವೆ, ಹಾಗಾಗಿ ಮೊದಲ ನಿರ್ಧಾರವೇ ತಪ್ಪಿಹೋಗುತ್ತದೆ. ಹಾರ್ಡ್‌ನಲ್ಲಿ 4 ಕುಟುಂಬ, ಬೀಜವೂ ಇಲ್ಲ. ಮೊದಲ ಚಳಿಗಾಲದಲ್ಲೇ ಊರು ಮುಗಿದುಹೋಗಬಹುದು. ಮೀಡಿಯಂನಲ್ಲಿ 5 ಕುಟುಂಬ, ಒಂದು ಉಗ್ರಾಣ, ಸ್ವಲ್ಪ ಸಾಮಗ್ರಿ ಇರುತ್ತದೆ, ಮನೆ ಮಾತ್ರ ಇರುವುದಿಲ್ಲ.
2. ಭೂಮಿ: ವ್ಯಾಲೀಸ್, ಗಾತ್ರ ಸ್ಮಾಲ್.
3. ಹವಾಮಾನ: ಫೇರ್. ಎರಡನೇ ಸುತ್ತಿಗೆ ಹಾರ್ಶ್ ಇಟ್ಟುಕೊಳ್ಳಿ.
4. ವಿಪತ್ತುಗಳು: ಆಫ್. ಬೆಂಕಿ, ಸುಂಟರಗಾಳಿ ಬಂದು ಊರು ಹಾಳಾದರೆ ಮಕ್ಕಳು ಅದನ್ನೇ ಕಾರಣ ಎಂದು ಬರೆದು ಸುಮ್ಮನಾಗುತ್ತಾರೆ. ತಮ್ಮ ನಿರ್ಧಾರದ ಪರಿಣಾಮ ಮೊದಲು ಕಾಣಲಿ.

ಆಟ ತೆರೆದ ಕೂಡಲೇ ನಿಲ್ಲಿಸಿ, ಒಂದು ಸೇವ್ ಮಾಡಿಡಿ. ಅದಕ್ಕೆ ‘ಆರಂಭ’ದ ಗುರುತಿನ ಹೆಸರು ಕೊಡಿ. ಮುಂದೆ ಹೋಲಿಕೆ ಮಾಡಬೇಕಾದಾಗಲೆಲ್ಲ ಈ ಸೇವ್‌ಗೇ ಮರಳಬೇಕು. ಇದನ್ನು ಮರೆತರೆ ಪ್ರಯೋಗಕ್ಕೆ ಆಧಾರವೇ ಇರುವುದಿಲ್ಲ, ಬೇರೆ ಭೂಪಟದಲ್ಲಿ ಆಡಿದ ಎರಡು ಊರುಗಳನ್ನು ಹೋಲಿಸಿ ಏನೂ ಹೇಳಲಾಗದು.

ವೇಗ ನಾಲ್ಕು ಬಗೆ: 1, 2, 5, 10 ಪಟ್ಟು. ನಿಮ್ಮ ಯಂತ್ರದಲ್ಲಿ 5 ಪಟ್ಟಿಗೆ ಆಟದ ಒಂದು ವರ್ಷ ಕಳೆಯಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಗಡಿಯಾರ ಇಟ್ಟು ಅಳೆಯಿರಿ. ಪಾಠದ ಟಿಪ್ಪಣಿಯ ಮೊದಲ ಸಾಲಿನಲ್ಲಿ ಆ ಅಂಕಿ ಇರಬೇಕು. 45 ನಿಮಿಷದ ಪೀರಿಯಡ್‌ನಲ್ಲಿ ಎಷ್ಟು ಋತು ಓಡಿಸಬಹುದು ಎಂಬುದು ಅದರ ಮೇಲೆ ನಿಂತಿದೆ.

ಗುಂಪುಗಳು, ಮೌಸು, ಹಾಳೆ

ತರಗತಿಯನ್ನು ಐದು ಗುಂಪು ಮಾಡಿ: ಆಹಾರ, ಸೌದೆ ಮತ್ತು ಮರ, ಕಟ್ಟಡ, ಜನಗಣತಿ, ದಾಸ್ತಾನು. ಪ್ರತಿ ಗುಂಪು ತನ್ನ ಅಂಕಿಗಳಿಗೆ ಜವಾಬ್ದಾರಿ. ಮೌಸು ಹಿಡಿಯುವ ಮಗು ಯಾವ ಗುಂಪಿಗೂ ಸೇರದ ಕಾರ್ಯದರ್ಶಿ, ಸಭೆ ಹೇಳಿದ್ದನ್ನಷ್ಟೇ ಮಾಡಬೇಕು. ಪ್ರತಿ ಋತುವಿಗೆ ಮೌಸು ಕೈ ಬದಲಾಗಬೇಕು. ಮನೆಯಲ್ಲಿ ಆಟ ಆಡಿ ಪಳಗಿದ ಒಂದಿಬ್ಬರು ಮಕ್ಕಳು ಎಲ್ಲ ತರಗತಿಯಲ್ಲೂ ಇರುತ್ತಾರೆ, ಅವರು ಮೌಸು ಬಿಟ್ಟುಕೊಡುವುದಿಲ್ಲ. ಅವರನ್ನು ಜನಗಣತಿ ಗುಂಪಿಗೆ ಹಾಕಿ. ಅಲ್ಲಿ ಪಳಗಿದ ಕೈಗಿಂತ ತಾಳ್ಮೆ ಮುಖ್ಯ, ಮತ್ತು ಊರಿನ ಹಣೆಬರಹ ನಿಜವಾಗಿ ಗೊತ್ತಾಗುವುದೂ ಅಲ್ಲೇ.

ಪ್ರತಿ ಗುಂಪಿಗೂ ಒಂದು ಹಾಳೆ. ಅಡ್ಡಸಾಲಿಗೆ ಒಂದು ಋತು, ಕಂಬಸಾಲುಗಳು ಇಷ್ಟು: ವರ್ಷ ಮತ್ತು ಋತು, ವಯಸ್ಕರು, ವಿದ್ಯಾರ್ಥಿಗಳು, ಮಕ್ಕಳು, ಆಹಾರ, ಸೌದೆ, ಉಪಕರಣ, ‘ಮುಂದಿನ ಋತುವಿನ ನಮ್ಮ ಊಹೆ’, ‘ಆದದ್ದು’, ‘ಯಾಕೆ’. ಕೊನೆಯ ಮೂರು ಕಂಬಸಾಲಿಗೆ ಅರ್ಧ ಹಾಳೆ ಬಿಡಿ. ಊಹೆಯನ್ನು ಪೆನ್ನಿನಲ್ಲೇ ಬರೆಸಿ. ಪೆನ್ಸಿಲ್ಲಿನಲ್ಲಿ ಬರೆದ ಊಹೆ ಫಲಿತಾಂಶ ಕಂಡ ಮೇಲೆ ತಿದ್ದಿಕೊಂಡಿರುತ್ತದೆ.

ಪೀರಿಯಡ್ ಹಂಚಿಕೆ ಸರಿಸುಮಾರು ಹೀಗೆ: 5 ನಿಮಿಷ ಹಿಂದಿನ ಅಂಕಿಗಳ ಓದು, 10 ನಿಮಿಷ ಚರ್ಚೆ ಮತ್ತು ಊಹೆ, 15 ನಿಮಿಷ ಆಟ, ಉಳಿದ 15 ನಿಮಿಷ ಬರಹ. ಆಟದ ಹದಿನೈದು ನಿಮಿಷ ಉಕ್ಕಿ ಬರಹದ ಹದಿನೈದನ್ನು ನುಂಗುತ್ತದೆ. ‘ಇನ್ನೊಂದೇ ಋತು ಸರ್’ ಎಂಬ ಮಾತಿಗೆ ಒಪ್ಪಬೇಡಿ.

ಮೊದಲ ಪಾಠ: ಚಳಿಗಾಲಕ್ಕೆ ಮುಂಚೆ

ವಸಂತದಲ್ಲಿ ಆಟ ಶುರುವಾಗುತ್ತದೆ. ನಿಲ್ಲಿಸಿದ ಪರದೆಯ ಮುಂದೆ ಒಂದೇ ಪ್ರಶ್ನೆ ಇಡಿ: ‘ಮೊದಲು ಏನು ಕಟ್ಟಬೇಕು?’ ಮರದ ಮನೆಯೊಂದಕ್ಕೆ 16 ದಿಮ್ಮಿ, 8 ಕಲ್ಲು ಬೇಕು. ಕಲ್ಲಿನ ಮನೆಗೆ 24 ದಿಮ್ಮಿ, 40 ಕಲ್ಲು, 10 ಕಬ್ಬಿಣ. ಕಲ್ಲಿನ ಮನೆಗೆ ಸೌದೆ ಕಡಿಮೆ ಸಾಕು. ಐದು ಕುಟುಂಬಕ್ಕೆ ಐದೂ ಮರದ ಮನೆಯಾದರೆ 80 ದಿಮ್ಮಿ, 40 ಕಲ್ಲು. ಅದೇ 40 ಕಲ್ಲಿನಲ್ಲಿ ಕಲ್ಲಿನ ಮನೆ ಒಂದೇ ಆಗುತ್ತದೆ. ಈಗಿನ ಖರ್ಚಿಗೂ ಮುಂದಿನ ಉಳಿತಾಯಕ್ಕೂ ಇರುವ ಎಳೆದಾಟವನ್ನು ಇದಕ್ಕಿಂತ ಚೆನ್ನಾಗಿ ಬೋರ್ಡಿನ ಮೇಲೆ ವಿವರಿಸಲಾಗದು. ಮಕ್ಕಳೇ ಲೆಕ್ಕ ಹಾಕಲಿ, ತಾವೇ ಆರಿಸಲಿ.

ಆಹಾರದ ಲೆಕ್ಕ ಸರಳ. ಊರಿನ ಒಬ್ಬ ವ್ಯಕ್ತಿಗೆ ವರ್ಷಕ್ಕೆ ಸುಮಾರು 100 ಘಟಕ ಆಹಾರ ಬೇಕಾಗುತ್ತದೆ. ಮೂರನೇ ವರ್ಷದ ಶರತ್ಕಾಲದ ಕೊನೆಯಲ್ಲಿ ಜನ 24, ದಾಸ್ತಾನು 1,150 ಇದೆ ಎಂದುಕೊಳ್ಳಿ. ವರ್ಷಕ್ಕೆ ಬೇಕಾದದ್ದು 2,400, ಅಂದರೆ ಅರ್ಧ ವರ್ಷಕ್ಕೆ 1,200. ಹೊಲದ ಮುಂದಿನ ಫಸಲು ಬರುವುದು ಇನ್ನೊಂದು ಶರತ್ಕಾಲಕ್ಕೆ. ಹೊಲವೊಂದನ್ನೇ ನಂಬಿದ ಊರು ಬೇಸಿಗೆ ಮುಟ್ಟುವ ಮೊದಲೇ ಹಸಿಯುತ್ತದೆ ಎಂದು ಆಹಾರ ಗುಂಪು ಆ ಕ್ಷಣವೇ ಹೇಳಬಲ್ಲದು. ಬೇಟೆ, ಮೀನು, ಆಯುವಿಕೆಯಿಂದ ಎಷ್ಟು ಬರುತ್ತದೆ ಎಂಬುದಕ್ಕೆ ಆಯಾ ಕಟ್ಟಡದ ಮೇಲೆ ಕ್ಲಿಕ್ ಮಾಡಿದರೆ ಈ ವರ್ಷದ, ಹಿಂದಿನ ವರ್ಷದ ಉತ್ಪಾದನೆ ಕಾಣುತ್ತದೆ. ಟೌನ್ ಹಾಲ್ ಕಟ್ಟಿದ ಮೇಲೆ ಊರಿನ ಒಟ್ಟು ಉತ್ಪಾದನೆ-ಬಳಕೆಯ ಅಂಕಿಗಳೂ ಗ್ರಾಫ್‌ಗಳೂ ಸಿಗುತ್ತವೆ. ‘ತಲೆಗೆ 100’ ಎಂಬುದು ಸರಿಯೇ ಎಂದು ಮಕ್ಕಳೇ ಭಾಗಾಕಾರ ಮಾಡಿ ಪರೀಕ್ಷಿಸಲಿ. ಮೇಷ್ಟ್ರು ಕೊಟ್ಟ ಅಂಕಿಗಿಂತ ತಾವೇ ಕಂಡುಕೊಂಡ ಅಂಕಿಯನ್ನು ಅವರು ಹೆಚ್ಚು ನಂಬುತ್ತಾರೆ.

ಎಲ್ಲಿ ಕೆಡುತ್ತದೆ, ಯಾಕೆ

ಕಟ್ಟಡದ ಗುರುತು ಹಾಕಿ, ಸಾಮಗ್ರಿಯೂ ಇದ್ದು, ಕೆಲಸ ಮಾತ್ರ ನಡೆಯದಿದ್ದರೆ ಬಿಲ್ಡರ್‌ಗಳ ಸಂಖ್ಯೆ ಸೊನ್ನೆ ಇದೆಯೇ ನೋಡಿ. ಶುರುವಿನಲ್ಲಿ ಎಲ್ಲರೂ ಕೂಲಿ ಆಳುಗಳೇ. ವೃತ್ತಿಗಳ ಕಿಟಕಿಯಲ್ಲಿ ಎರಡು ಮೂರು ಜನರನ್ನು ಕಟ್ಟುವ ಕೆಲಸಕ್ಕೆ ಹಾಕಬೇಕು.

ಸೌದೆ ಕಡಿಯುವವನು ಸುಮ್ಮನೆ ನಿಂತಿದ್ದರೆ ದಿಮ್ಮಿ ಮುಗಿದಿರಬೇಕು, ಇಲ್ಲವೇ ಸೌದೆಯ ಮಿತಿ ಮುಟ್ಟಿರಬೇಕು. ಪ್ರತಿ ಸರಕಿಗೂ ಒಂದು ಗರಿಷ್ಠ ಮಿತಿ ಇರುತ್ತದೆ, ದಾಸ್ತಾನು ಅಲ್ಲಿಗೆ ಬಂದರೆ ಉತ್ಪಾದನೆ ನಿಲ್ಲುತ್ತದೆ. ಜನ ಹೆಚ್ಚಿದಂತೆ ಮಿತಿಯನ್ನೂ ಏರಿಸಬೇಕು. ಇದನ್ನು ಮಕ್ಕಳು ಆಟದ ದೋಷ ಎಂದುಕೊಳ್ಳುತ್ತಾರೆ.

ದೊಡ್ಡ ಹೊಲ ಹಾಕಿ ಒಬ್ಬಿಬ್ಬರನ್ನೇ ಬಿಟ್ಟರೆ ಕೊಯ್ಲು ಮುಗಿಯುವ ಮೊದಲೇ ಹಿಮ ಬೀಳುತ್ತದೆ, ನಿಂತ ಪೈರು ಹಾಳು. ಹೊಲದ ಗರಿಷ್ಠ ಅಳತೆ 15×15 ಚೌಕ. ಅಷ್ಟು ದೊಡ್ಡದು ಶುರುವಿನಲ್ಲಿ ಬೇಡವೇ ಬೇಡ.

ಆಯುವವರ ಗುಡಿಸಲಿನ ಇಳುವರಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಸುತ್ತಲ ಕಾಡನ್ನು ನೋಡಿ. ಮನೆಗೆಂದು ಕಡಿದ ಮರಗಳು ಗುಡಿಸಲಿನವರು ಆಯುವ ವೃತ್ತದೊಳಗಿನವೇ ಆಗಿರುತ್ತವೆ. ಕಾಡಿನ ಆಹಾರ ಬೆಳೆಯುವುದು ಮರಗಳ ನಡುವೆ, ಬಯಲಲ್ಲಿ ಅಲ್ಲ. ಸೌದೆ ಗುಂಪಿನ ತೀರ್ಮಾನ ಆಹಾರ ಗುಂಪಿನ ಬುಟ್ಟಿ ಬರಿದು ಮಾಡಿದ್ದು ಹೊರಬೀಳುವ ಆ ಚರ್ಚೆಗೆ ಪೂರ್ತಿ ಸಮಯ ಕೊಡಿ.

ಉಪಕರಣದ ಕಥೆ ಇನ್ನೂ ಗಂಭೀರ. ಉಪಕರಣ ಮುಗಿದರೆ ಎಲ್ಲರ ಕೆಲಸವೂ ನಿಧಾನವಾಗುತ್ತದೆ, ಕಮ್ಮಾರನದೂ ಸೇರಿ. ಕಬ್ಬಿಣ ತರುವವರು ನಿಧಾನ, ಮಾಡುವವನು ನಿಧಾನ, ಕೊರತೆ ಇನ್ನಷ್ಟು ಬೆಳೆಯುತ್ತದೆ. ಇಂಥ ಸುಳಿಯಿಂದ ಊರು ಹೊರಬರುವುದು ಅಪರೂಪ. ಹಾಗಾಗಿ ದಾಸ್ತಾನು ಗುಂಪು ಉಪಕರಣದ ಅಂಕಿಯನ್ನು ಪ್ರತಿ ಋತುವೂ ಗಟ್ಟಿಯಾಗಿ ಓದಬೇಕು. ನೆಲದ ಮೇಲೆ ಸಿಗುವ ಕಲ್ಲು, ಕಬ್ಬಿಣ ಖಾಲಿಯಾದ ಮೇಲೆ ಕ್ವಾರಿ, ಗಣಿ ತೋಡಬೇಕಾಗುತ್ತದೆ. ಆಟದಲ್ಲಿ ಕ್ವಾರಿ ತೋಡಿದ ಜಾಗವನ್ನು ಮತ್ತೆ ಮುಚ್ಚಲು ಬರುವುದಿಲ್ಲ, ಆ ಹೊಂಡ ಊರಿನ ಪಕ್ಕದಲ್ಲಿ ಕೊನೆಯವರೆಗೂ ಇರುತ್ತದೆ. ಪರಿಸರ ಪಾಠಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಹುಡುಕಬೇಕಿಲ್ಲ.

ಕೆಲಸದ ಜಾಗ, ಮನೆ, ಉಗ್ರಾಣ ದೂರ ದೂರ ಇದ್ದರೂ ಇಳುವರಿ ಬೀಳುತ್ತದೆ. ಜನ ಉಣ್ಣಲು, ಚಳಿ ಕಾಯಿಸಲು ಮನೆಗೆ ಬರುತ್ತಾರೆ. ಅರ್ಧ ದಿನ ನಡೆಯುವುದರಲ್ಲೇ ಹೋಗುತ್ತದೆ. ಒಬ್ಬ ಗಣಿ ಕೆಲಸಗಾರನ ಮೇಲೆ ಕ್ಲಿಕ್ ಮಾಡಿ, 1 ಪಟ್ಟು ವೇಗದಲ್ಲಿ ಅವನ ಹಿಂದೆಯೇ ಹೋಗಿ ಅವನು ನಡೆದ ಹೊತ್ತು, ದುಡಿದ ಹೊತ್ತು ಎರಡನ್ನೂ ಗಡಿಯಾರದಲ್ಲಿ ಅಳೆಸಿ. ಭೂಗೋಳ ಪುಸ್ತಕದ ‘ನೆಲೆಯ ಆಯ್ಕೆ’ ಎಂಬ ಅಧ್ಯಾಯ ಮಕ್ಕಳಿಗೆ ಆಗ ಅರ್ಥವಾಗುತ್ತದೆ.

ಮುಖ್ಯ ಪಾಠ: ಎಂಟು ಮನೆ

ಈ ಆಟ ಕಲಿಸಬಹುದಾದ ಅತ್ಯಂತ ದೊಡ್ಡ ಸಂಗತಿ ಜನಸಂಖ್ಯೆಯ ವಿಳಂಬ. ಬೇರೆಲ್ಲ ಬಿಟ್ಟರೂ ಇದೊಂದನ್ನು ಬಿಡಬೇಡಿ.

ಆಟದ ಒಂದು ವರ್ಷದಲ್ಲಿ ಜನರಿಗೆ ಸುಮಾರು 5 ವರ್ಷ ವಯಸ್ಸಾಗುತ್ತದೆ. ಹುಟ್ಟಿದ ಮಗು ಎರಡು ವರ್ಷದಲ್ಲಿ ಹತ್ತರ ಹರೆಯ ಮುಟ್ಟುತ್ತದೆ, ಶಾಲೆ ಇಲ್ಲದಿದ್ದರೆ ಆಗಲೇ ದುಡಿಮೆಗೆ ಇಳಿಯುತ್ತದೆ. ಇಪ್ಪತ್ತರ ದಂಪತಿ ಹತ್ತು ವರ್ಷದಲ್ಲಿ ಎಪ್ಪತ್ತರವರಾಗುತ್ತಾರೆ. ಹೊಸ ಸಂಸಾರ ಹೂಡಲು ಖಾಲಿ ಮನೆ ಬೇಕು. ಮನೆ ಸಿಗದ ಯುವಕ ಯುವತಿಯರು ಅಪ್ಪ ಅಮ್ಮನ ಜತೆಯೇ ಉಳಿಯುತ್ತಾರೆ, ಹೆರಿಗೆ ನಿಲ್ಲುತ್ತದೆ. ಅಂದರೆ ಜನಸಂಖ್ಯೆಯ ಕೀಲಿ ಇರುವುದು ಕಟ್ಟಡ ಗುಂಪಿನ ಕೈಯಲ್ಲಿ.

ಐದಾರು ವರ್ಷ ನಡೆದ, ಸುಮಾರು 40 ಜನರಿರುವ, ಬೆಳೆದ ಮಕ್ಕಳು ಸಾಕಷ್ಟಿರುವ ಒಂದು ಸೇವ್ ತೆಗೆದುಕೊಳ್ಳಿ. ಅಲ್ಲಿಂದ ಎರಡು ಊರುಗಳನ್ನು ಓಡಿಸಿ. ಮೊದಲನೆಯದರಲ್ಲಿ ಎಂಟು ಮರದ ಮನೆಗಳನ್ನು ಒಂದೇ ವರ್ಷ ಕಟ್ಟಿ, ಆಮೇಲೆ ಒಂದೂ ಕಟ್ಟಬೇಡಿ. ಎರಡನೆಯದರಲ್ಲಿ ವರ್ಷಕ್ಕೊಂದರಂತೆ ಎಂಟು ವರ್ಷ ಕಟ್ಟಿ. ಎರಡರಲ್ಲೂ ಒಟ್ಟು ಖರ್ಚು 128 ದಿಮ್ಮಿ, 64 ಕಲ್ಲು. ಹನ್ನೆರಡು ವರ್ಷದವರೆಗೆ ಪ್ರತಿ ವಸಂತದಲ್ಲಿ ವಯಸ್ಕರು, ವಿದ್ಯಾರ್ಥಿಗಳು, ಮಕ್ಕಳು ಎಷ್ಟೆಷ್ಟು ಎಂದು ಬರೆದು ಒಂದೇ ಗ್ರಾಫ್ ಹಾಳೆಯ ಮೇಲೆ ಎರಡು ಬಣ್ಣದಲ್ಲಿ ಎಳೆಯಿರಿ.

ಮೊದಲ ಊರಿನಲ್ಲಿ ಮಕ್ಕಳ ಗೆರೆ ಥಟ್ಟನೆ ಏರುತ್ತದೆ. ಉಣ್ಣುವ ಬಾಯಿ ಇಂದೇ ಹೆಚ್ಚುತ್ತದೆ, ದುಡಿಯುವ ಕೈ ಎರಡು ವರ್ಷ ತಡವಾಗಿ ಬರುತ್ತದೆ. ಆ ನಡುವಿನ ಚಳಿಗಾಲಗಳಲ್ಲಿ ದಾಸ್ತಾನು ಕರಗುತ್ತದೆ. ಅದನ್ನು ದಾಟಿದರೆ ಕೆಲ ವರ್ಷ ಆಳುಗಳ ಸುಗ್ಗಿ, ಊರು ಗೆದ್ದಿತು ಎಂದು ಮಕ್ಕಳು ಖುಷಿಪಡುತ್ತಾರೆ. ಆಟ ನಿಲ್ಲಿಸಿ ಹತ್ತನೇ ವರ್ಷದ ಊಹೆ ಬರೆಸಬೇಕಾದದ್ದು ಸರಿಯಾಗಿ ಈ ಹಂತದಲ್ಲಿ. ಎಲ್ಲರಿಗೂ ಹೆಚ್ಚುಕಡಿಮೆ ಒಟ್ಟಿಗೇ ವಯಸ್ಸಾಗುತ್ತದೆ, ಹೊಸ ಮನೆ ಇಲ್ಲದ್ದರಿಂದ ಹಿಂದೆ ಮಕ್ಕಳಿಲ್ಲ, ಕೆಲವೇ ವರ್ಷಗಳಲ್ಲಿ ಒಂದು ತಲೆಮಾರು ಮುಗಿಯುತ್ತದೆ. ಹೊಲ ಇದೆ, ಗಣಿ ಇದೆ, ದುಡಿಯುವವರಿಲ್ಲ. ಎರಡನೇ ಊರಿನ ಗೆರೆ ಇಷ್ಟು ಏರಿಳಿಯದೆ ಸಾಗುತ್ತದೆ.

ಹನ್ನೆರಡು ವರ್ಷವನ್ನು ತರಗತಿಯಲ್ಲೇ ಎರಡು ಸಲ ಓಡಿಸಲು ಹೊತ್ತು ಸಾಲದು. ನೀವು ಮೊದಲೇ ಎರಡನ್ನೂ ಆಡಿ, ಪ್ರತಿ ವಸಂತಕ್ಕೊಂದು ಸೇವ್ ಮಾಡಿಡಿ. ಸೇವ್‌ನ ಹೆಸರಿನಲ್ಲಿ ಊರು ಮತ್ತು ವರ್ಷ ಎರಡೂ ಇರಲಿ, ಇಲ್ಲವಾದರೆ ಇಪ್ಪತ್ತನಾಲ್ಕು ಸೇವ್‌ಗಳ ನಡುವೆ ಪಾಠದ ಹೊತ್ತಿನಲ್ಲಿ ತಡಕಾಡಬೇಕಾಗುತ್ತದೆ. ತರಗತಿಯಲ್ಲಿ ಒಂದೊಂದನ್ನೇ ತೆರೆದು, ಮಕ್ಕಳು ಊಹೆ ಬರೆದ ಮೇಲೆ ಮುಂದಿನದಕ್ಕೆ ಹೋಗಿ. ಎಂಟು ಮನೆ ಕಟ್ಟಿದರೂ ಅರ್ಧ ಖಾಲಿ ಉಳಿದರೆ ಜೋಡಿಯಾಗುವ ವಯಸ್ಸಿನವರು ಆ ಸೇವ್‌ನಲ್ಲಿ ಸಾಕಷ್ಟು ಇರಲಿಲ್ಲ ಎಂದರ್ಥ. ಒಂದೆರಡು ವರ್ಷ ಮುಂದಿನ ಸೇವ್‌ನಿಂದ ಮತ್ತೆ ಶುರು ಮಾಡಿ.

ಇದರ ಪಕ್ಕದಲ್ಲೇ ಶಾಲೆಯ ಪಾಠ ಇಡಬಹುದು. ಒಂದು ಶಾಲೆಯಲ್ಲಿ 20 ವಿದ್ಯಾರ್ಥಿಗಳು ಕೂರಬಹುದು. ಶಾಲೆ ತೆರೆದ ಕೂಡಲೇ ಹತ್ತರ ಹರೆಯದವರು ದುಡಿಮೆಗೆ ಬರುವ ಬದಲು ಓದಲು ಹೋಗುತ್ತಾರೆ, ಒಂದಷ್ಟು ಕಾಲ ಹೊಸ ಆಳುಗಳೇ ಇಲ್ಲ. ಓದಿದವನು ಮಾತ್ರ ಒಂದು ದಿಮ್ಮಿಯಿಂದ 4 ಸೌದೆ ತೆಗೆಯುತ್ತಾನೆ, ಓದದವನು 3. ನೂರು ದಿಮ್ಮಿಗೆ ನೂರು ಸೌದೆಯ ವ್ಯತ್ಯಾಸ. ‘ಶಾಲೆಯನ್ನು ಯಾವ ವರ್ಷ ಕಟ್ಟಬೇಕು?’ ಎಂಬ ಪ್ರಶ್ನೆಗೆ ಎರಡು ಗುಂಪುಗಳಿಂದ ಲೆಕ್ಕ ಸಮೇತ ವಾದ ಮಾಡಿಸಿ.

ಆಟ ಹೇಳದ್ದು

ಇದು ಮಾದರಿ ಅಷ್ಟೇ, ಇತಿಹಾಸ ಅಲ್ಲ. ಇದನ್ನು ಬಾಯಿಮಾತಿನಲ್ಲಿ ಹೇಳಿ ಬಿಡದೆ ಒಂದು ಪೀರಿಯಡ್ ಕೊಡಿ. ಆಟದಲ್ಲಿ ಭೂಮಿ ಯಾರದ್ದೂ ಅಲ್ಲ, ಖಾಲಿ ಬಿದ್ದಿದೆ. ನಿಜದಲ್ಲಿ ಜನ ಹೋಗಿ ನೆಲೆಸಿದ ಎಷ್ಟೋ ಜಾಗಗಳಲ್ಲಿ ಮೊದಲೇ ಯಾರೋ ಇದ್ದರು. ತೆರಿಗೆ ಇಲ್ಲ, ಒಡೆಯ ಇಲ್ಲ, ಜಗಳ ಇಲ್ಲ, ಉಗ್ರಾಣದ ಕಾಳು ಎಲ್ಲರಿಗೂ ಸಮ. ಹೊರಗಿನಿಂದ ಬರುವ ಅಲೆಮಾರಿಗಳನ್ನು ಆಟ ಓದಿಲ್ಲದವರೆಂದೂ ರೋಗ ತರಬಹುದಾದವರೆಂದೂ ಲೆಕ್ಕ ಹಿಡಿಯುತ್ತದೆ, ಅವರು ತರುವ ಕಸುಬು, ಬೀಜ, ತಿಳಿವಳಿಕೆಗೆ ಅಲ್ಲಿ ಅಂಕಿಯೇ ಇಲ್ಲ. ಪ್ರತಿ ಗುಂಪೂ ಆಟ ಬಿಟ್ಟ ಮೂರು ಸಂಗತಿ ಆರಿಸಿ, ಅದನ್ನು ಸೇರಿಸಿದರೆ ತಮ್ಮ ಗ್ರಾಫ್ ಹೇಗೆ ಬದಲಾಗುತ್ತಿತ್ತು ಎಂದು ಬರೆಯಲಿ. ಗ್ರಾಫ್‌ಗೆ ತಾಗದ ಉತ್ತರವನ್ನು ಒಪ್ಪಬೇಡಿ, ಇಲ್ಲದಿದ್ದರೆ ಪಟ್ಟಿ ಮಾತ್ರ ಉದ್ದವಾಗುತ್ತದೆ.

ಹಸಿವಿನಿಂದ, ಚಳಿಯಿಂದ ಸತ್ತವರ ಹೆಸರು ಪರದೆಯ ಮೇಲೆ ಬರುತ್ತದೆ. ಮನೆಯಲ್ಲಿ ಈಚೆಗೆ ಸಾವು ಕಂಡ ಮಗು ತರಗತಿಯಲ್ಲಿದ್ದರೆ ಮೊದಲೇ ಮಾತಾಡಿ. ಊರಿನ ಜನರನ್ನು ಸಹಪಾಠಿಗಳ ಹೆಸರಿನಿಂದ ಕರೆಯಲು ಬಿಡಬೇಡಿ. ಮದ್ಯ ತಯಾರಿಸುವ ಟ್ಯಾವರ್ನ್ ಕಟ್ಟಡವೂ ಆಟದಲ್ಲಿದೆ, ಪೋಷಕರು ಕೇಳುವ ಮೊದಲೇ ನೀವು ತಿಳಿಸಿರುವುದು ಒಳ್ಳೆಯದು. ಆ ಕಟ್ಟಡ ಇಲ್ಲದೆಯೂ ಮೇಲಿನ ಎಲ್ಲ ಪಾಠ ನಡೆಯುತ್ತದೆ.

ಅಂಕ ಕೊಡುವಾಗ ಊರಿನ ಗಾತ್ರ ನೋಡಬೇಡಿ. ನೂರು ಜನರ ಊರು ಕಟ್ಟಿ ‘ಯಾಕೆ’ ಕಂಬಸಾಲು ಖಾಲಿ ಬಿಟ್ಟ ಗುಂಪಿಗಿಂತ, ಊರು ಪೂರ್ತಿ ಹಾಳಾಗಿ ಅದರ ಕಾರಣವನ್ನು ಮೂರು ವರ್ಷ ಹಿಂದಿನ ಒಂದು ತೀರ್ಮಾನದವರೆಗೆ ಹಿಡಿದುಕೊಂಡು ಹೋದ ಗುಂಪಿಗೆ ಹೆಚ್ಚು ಅಂಕ ಸಲ್ಲಬೇಕು. 20 ಅಂಕದ ಹಾಳೆಯಲ್ಲಿ ಅಂಕಿ ದಾಖಲೆಗೆ 5, ಊಹೆಗೆ ಲೆಕ್ಕದ ಆಧಾರ ಇದೆಯೇ ಎಂಬುದಕ್ಕೆ 5, ಕಾರಣ ವಿವರಣೆಗೆ 10 ಇಡಬಹುದು. ಊಹೆ ನಿಜವಾಯಿತೇ ಎಂಬುದಕ್ಕೆ ಅಂಕವೇ ಬೇಡ. ಅದಕ್ಕೆ ಅಂಕ ಇಟ್ಟರೆ ಮಕ್ಕಳು ಸುರಕ್ಷಿತವಾದ, ಏನೂ ಹೇಳದ ಊಹೆಗಳನ್ನೇ ಬರೆಯುತ್ತಾರೆ.

ಕೊಳ್ಳಲು ಹಣವಿಲ್ಲದ ಶಾಲೆಗಳಿಗೆ ವೈಡ್‌ಲ್ಯಾಂಡ್ಸ್ ಎಂಬ ಇನ್ನೊಂದು ಊರು ಕಟ್ಟುವ ಆಟ ಇದೆ. ಇದು ಮುಕ್ತ ತಂತ್ರಾಂಶ, ಉಚಿತ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ, 1.0 ಆವೃತ್ತಿ 2021ರಲ್ಲಿ ಬಂತು. ಇದರಲ್ಲಿ ಹುಟ್ಟು, ಮುಪ್ಪಿನ ಲೆಕ್ಕವಿಲ್ಲ, ಹಾಗಾಗಿ ಎಂಟು ಮನೆಯ ಪಾಠ ಆಗದು. ಆದರೆ ಸರಕು ಸಾಗಣೆಗೆ ಇದು ಬ್ಯಾನಿಶ್ಡ್‌ಗಿಂತ ಮೇಲು. ರಸ್ತೆಗೆ ಬಾವುಟ ನೆಟ್ಟು ತುಂಡು ತುಂಡಾಗಿ ಹಾಕಬೇಕು, ತುಂಡಿಗೊಬ್ಬ ಹೊರೆಯಾಳು, ಒಂದೇ ರಸ್ತೆಗೆ ಎಲ್ಲ ಸರಕು ಬಿದ್ದರೆ ಬಾವುಟದ ಬುಡದಲ್ಲಿ ರಾಶಿ ಬೀಳುವುದು ಕಣ್ಣಿಗೇ ಕಾಣುತ್ತದೆ. ಗಡಿ ವಿಸ್ತರಿಸಲು ಸೈನಿಕರ ಕಟ್ಟಡಗಳು ಬೇಕಾಗುತ್ತವೆ. ಯುದ್ಧ ಬೇಡವೆಂದರೆ ಎದುರಾಳಿ ಇಲ್ಲದೆ ಒಂಟಿಯಾಗಿ ಆಡುವಂತೆ ಹೊಂದಿಸಿಕೊಳ್ಳಿ. ಹಾಳೆಯ ಕಂಬಸಾಲುಗಳನ್ನು ಮಾತ್ರ ಬದಲಿಸಬೇಕು: ಜನಗಣತಿಯ ಜಾಗದಲ್ಲಿ ಯಾವ ಬಾವುಟದಲ್ಲಿ ಎಷ್ಟು ಸರಕು ಕಾದಿದೆ ಎಂಬ ಎಣಿಕೆ ಬರಲಿ, ಊಹೆ, ಆದದ್ದು, ಯಾಕೆ ಎಂಬ ಮೂರು ಹಾಗೆಯೇ ಇರಲಿ.